ಫಾರ್ಮ್ಯಾಟ್ ಹೊಡೆಯುವ ಮೊದಲು

ಶ್ರಾವಣ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಸಣ್ಣಪುಟ್ಟ ಸ್ಟುಡಿಯೊಗಳಲ್ಲಿ ಕೂಡಲು ಜಾಗ ಇರುವುದಿಲ್ಲ. ಭಜನಾ ಮಂಡಳಿಯವರು, ತತ್ವಪದದವರು, ಡೊಳ್ಳಿನ ಪದದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಮೊಹರಂ ಹಾಡಿನವರದು ಇನ್ನೊಂದು ಕಾಲ. ತಾಂಡಾಗಳಿಂದ ಬಂಜಾರ ಹಾಡಿನ ಹುಡುಗರಂತೂ ವರ್ಷವಿಡೀ ಬರುವವರೇ. ಸ್ಟುಡಿಯೊ ಅಂದರೆ ದೊಡ್ಡದೇನಲ್ಲ. ಬಜಾರಿನ ಮಹಡಿ ಮೇಲೊಂದು ಕೋಣೆ, ಗೋಡೆಗೆ ಹಳೆ ಕೌದಿ ಇಲ್ಲವೇ ಫೋಮು, ಒಂದು ಮೈಕು, ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಮೇಜಿನ ಕೆಳಗೆ ಧೂಳು ಹೊದ್ದು ಕೂತ ಕಂಪ್ಯೂಟರು. ಎಷ್ಟೋ ಕಡೆ ಆ ಕಂಪ್ಯೂಟರು ಹಾಡಲು ಬಂದ ಹುಡುಗನಿಗಿಂತ ಹಿರಿಯದು. ಪೆಂಟಿಯಂ ಫೋರ್, ವಿಂಡೋಸ್ ಎಕ್ಸ್‌ಪಿ, ಒಳಗೊಂದು ಸೌಂಡ್ ಬ್ಲಾಸ್ಟರ್ ಕಾರ್ಡು. ಸ್ವಲ್ಪ ದುಡ್ಡು ಹಾಕಿದವರ ಬಳಿ ಎಂ-ಆಡಿಯೊ ಡೆಲ್ಟಾ.

ಅದು ಕೈಕೊಡುವುದೂ ಸುಗ್ಗಿಯ ಹೊತ್ತಿಗೇ. “ಸರ್, ಹಾಡು ಛಲೋ ಬಂದದ್ರಿ, ಆದ್ರ ಹಿಂದ ಏನೋ ಗುಂಯ್ ಅನ್ಲಿಕತ್ತದ” ಎಂದು ಒಬ್ಬರ ಫೋನು. ಇನ್ನೊಬ್ಬರಿಗೆ ನಡುನಡುವೆ ಚಟಚಟ. ಮತ್ತೊಬ್ಬರಿಗೆ ಪೇಟಿಯ ಶ್ರುತಿಯೇ ಏರಿ ಕೂತಿದೆ. ಮೂರಕ್ಕೂ ಅಂಗಡಿಯವರ ಮದ್ದು ಒಂದೇ: “ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಸರಿ ಆಗ್ತದ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಸದ್ದು ಕೆಡುವುದು ಹೆಚ್ಚಿನ ಸಲ ವಿಂಡೋಸಿನಿಂದಲ್ಲ. ಕರೆಂಟಿನಿಂದ, ವೈರಿನಿಂದ, ಕಾರ್ಡು ಕೂತ ಸ್ಲಾಟಿನಿಂದ, ಅದರ ಒಳಗಿನ ಗಡಿಯಾರದಿಂದ. ಫಾರ್ಮ್ಯಾಟ್ ಹೊಡೆದರೆ ಇವುಗಳಲ್ಲಿ ಒಂದೂ ನೆಟ್ಟಗಾಗುವುದಿಲ್ಲ. ಡಿಸ್ಕಿನಲ್ಲಿದ್ದ ಹಾಡುಗಳು ಮಾತ್ರ ಹೋಗುತ್ತವೆ.

ಹೊಸದು ತಗೊಳ್ಳಬಾರದೇ ಎಂದು ಬೆಂಗಳೂರಿನಲ್ಲಿ ಕೂತವರು ಕೇಳುತ್ತಾರೆ. ತಗೊಳ್ಳಬಹುದು, ಹಲವರು ತಗೊಂಡೂ ಇದ್ದಾರೆ. ಆದರೆ ಡೆಲ್ಟಾದಂಥ ಕಾರ್ಡಿಗೆ ಬೇಕಾದ ಪಿಸಿಐ ಸ್ಲಾಟು ಈಗಿನ ಮದರ್‌ಬೋರ್ಡುಗಳಲ್ಲಿ ಇಲ್ಲ. ಹಳೆ ಸೌಂಡ್ ಕಾರ್ಡಿನ ಗೇಮ್ ಪೋರ್ಟಿಗೆ ಮಿಡಿ ಕೇಬಲ್ ಸಿಕ್ಕಿಸಿ ಕೀಬೋರ್ಡ್ ನುಡಿಸುತ್ತಿದ್ದವರಿಗೆ ವಿಸ್ತಾ ಬಂದಾಗಲೇ ಆ ದಾರಿ ಮುಚ್ಚಿತು. ಹತ್ತು ಹದಿನೈದು ವರ್ಷದ ಪ್ರಾಜೆಕ್ಟ್ ಫೈಲುಗಳು ಹಳೆ ಕ್ಯೂಬೇಸ್, ನ್ಯೂಯೆಂಡೊ ಇದ್ದ ಮಷೀನಿನಲ್ಲಿ ಮಾತ್ರ ಪೂರ್ತಿ ಸರಿಯಾಗಿ ತೆರೆಯುತ್ತವೆ. ಆ ಸಾಫ್ಟ್‌ವೇರ್ ಬಹಳ ಕಡೆ ಯಾವುದೋ ಸಿಡಿಯಿಂದ ಬಂದ ಪ್ರತಿ, ಆ ಸಿಡಿ ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ದುಡ್ಡು ಕೊಟ್ಟು ಕೊಂಡವರ ಪಾಡೂ ಹೂವಿನ ಹಾಸಿಗೆಯಲ್ಲ. ಅದನ್ನು ತಯಾರಿಸುವ ಸ್ಟೈನ್‌ಬರ್ಗ್ ಕಂಪನಿ ಡಾಂಗಲ್ ಆಧಾರಿತ ಹಳೆ ಪರವಾನಗಿ ಸೇವೆಯನ್ನೇ 2025ರಲ್ಲಿ ನಿಲ್ಲಿಸಿತು. ಹಾಗಾಗಿ ಹಳೆ ಸಿಸ್ಟಮ್ ಇಟ್ಟುಕೊಂಡವರೆಲ್ಲ ಜಿಪುಣರು ಅನ್ನುವಂತಿಲ್ಲ. ಇಟ್ಟುಕೊಳ್ಳಲೇಬೇಕಾದ ಕಾರಣ ಅವರಿಗಿದೆ.

ಕರೆಂಟಿಗೂ ಒಂದು ಶ್ರುತಿ

ಗುಂಯ್ ಅನ್ನುವುದರಿಂದಲೇ ಹೊರಡೋಣ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಝ್. ಪೇಟಿ ಮುಂದಿಟ್ಟುಕೊಂಡವರಿಗೆ ಹೇಳುವುದಾದರೆ ಈ 50 ಹರ್ಟ್ಝ್ ಬಿಳಿ ಐದರ ಮಂದ್ರದ ಮಂದ್ರ, ಅದೂ ತುಸು ಏರಿದ್ದು. ಪೂರ್ಣ ಉದ್ದದ ಪಿಯಾನೊ ಕೀಬೋರ್ಡಿನ ತೀರಾ ಎಡತುದಿಯ ಬಿಳಿ ಐದು 49 ಹರ್ಟ್ಝ್. ಅದರ ಎರಡರಷ್ಟು, ಅಂದರೆ 100 ಹರ್ಟ್ಝ್ ಸದ್ದು ಇನ್ನೂ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಕರಿ ಒಂದರಲ್ಲಿ ಏಕತಾರಿ ಹಿಡಿದು ಹಾಡುವವನ ಹಿಂದೆ ಹೀಗೆ ಬಿಳಿ ಐದಕ್ಕಿಂತ ತುಸು ಮೇಲಿನ ಸ್ವರವೊಂದು ಬಿಡದೆ ಮೊಳಗಿದರೆ ಯಾವ ತತ್ವಪದ ನಿಂತೀತು?

ಈ ಸದ್ದು ಬರಲು ಮುಖ್ಯ ಕಾರಣ ಅರ್ಥಿಂಗ್. ಕಂಪ್ಯೂಟರಿಗೆ ಕರೆಂಟು ಪೂರೈಸುವ ಎಸ್‌ಎಂಪಿಎಸ್ ಒಳಗೆ ಲೈನಿನಿಂದಲೂ ನ್ಯೂಟ್ರಲ್‌ನಿಂದಲೂ ಡಬ್ಬಿಯ ಮೈಗೆ ಸೇರಿಸಿದ ಪುಟ್ಟ ಕೆಪಾಸಿಟರುಗಳಿರುತ್ತವೆ. ಗದ್ದಲ ಸೋಸಿ ಭೂಮಿಗೆ ಕಳಿಸುವುದು ಅವುಗಳ ಕೆಲಸ. ಭೂಮಿಯ ಸಂಪರ್ಕವೇ ಇಲ್ಲದಿದ್ದರೆ ಅವು ಡಬ್ಬಿಯ ಮೈಯನ್ನು ಸುಮಾರು 115 ವೋಲ್ಟಿಗೆ ಎತ್ತಿ ನಿಲ್ಲಿಸುತ್ತವೆ. ಹರಿಯುವ ಕರೆಂಟು ಅತ್ಯಲ್ಪ, ಆದರೆ ಬರಿಗಾಲಲ್ಲಿ ನಿಂತು ಮೈಕ್ ಹಿಡಿದವರ ತುಟಿಗೆ ಜುಮ್ಮೆನ್ನುತ್ತದೆ. “ಮೈಕ್ ಶಾಕ್ ಹೊಡೀತದ್ರಿ” ಎಂದು ಹಾಡುಗಾರ್ತಿ ಹೇಳಿದರೆ ನಕ್ಕು ಸುಮ್ಮನಾಗಬೇಡಿ. ಗುಂಯ್ ಅನ್ನುವುದಕ್ಕೂ ಆ ಜುಮ್ಮಿಗೂ ಮೂಲ ಒಂದೇ.

ಸುರಪುರ ಬಂಡೆಗಳ ಊರು. ಅಲ್ಲಿ ಎಷ್ಟೋ ಮನೆಗಳ ಅರ್ಥಿಂಗ್ ಗುಂಡಿ ನಾಲ್ಕಡಿ ಇಳಿಯುವಷ್ಟರಲ್ಲಿ ಕಲ್ಲು ತಾಗುತ್ತದೆ. ಶಹಾಪುರದ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಅದರಷ್ಟು ಒಳ್ಳೆಯ ಅರ್ಥಿಂಗ್ ಇಲ್ಲ. ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಟ್ಟು ಗುಂಡಿಯೊಳಗಿನ ಲೋಹದ ಪಟ್ಟಿಯಿಂದ ದೂರ ಸರಿಯಿತೆಂದರೆ ಇದ್ದೂ ಇಲ್ಲದಂತೆ. ಜೂನ್‌ನಲ್ಲಿ ಸುಮ್ಮನಿದ್ದ ಸಿಸ್ಟಮ್ ಏಪ್ರಿಲ್‌ನಲ್ಲಿ ಯಾಕೆ ಗುಂಯ್ ಅನ್ನುತ್ತದೆ ಎಂಬುದಕ್ಕೆ ಉತ್ತರ ಹಿತ್ತಲಿನ ಗುಂಡಿಯಲ್ಲಿ ಇರಬಹುದು. ಇದ್ದಿಲು, ಉಪ್ಪು ಹಾಕಿ ಗುಂಡಿಗೆ ನೀರು ಹೊಯ್ಯಿಸಿ, ಒಬ್ಬ ಲೈಸೆನ್ಸ್ ಇದ್ದ ವೈರಿಂಗ್‌ನವರಿಂದ ಅಳತೆ ಮಾಡಿಸಿದರೆ ಆಗುವ ಖರ್ಚು ಹೊಸ ಸೌಂಡ್ ಕಾರ್ಡಿನದಕ್ಕಿಂತ ಕಡಿಮೆ.

ಇನ್ನೊಂದು ಬಗೆಯ ಗುಂಯ್ ಇದೆ. ಅದಕ್ಕೆ ಅರ್ಥಿಂಗ್ ಇಲ್ಲದ್ದು ಕಾರಣವಲ್ಲ, ಎರಡೆರಡು ಅರ್ಥಿಂಗ್ ಇರುವುದು ಕಾರಣ. ಕಂಪ್ಯೂಟರು ಒಂದು ಗೋಡೆಯ ಬೋರ್ಡಿನಿಂದ, ಮಿಕ್ಸರು, ಆಂಪ್ಲಿಫೈಯರು ಎದುರು ಗೋಡೆಯ ಬೋರ್ಡಿನಿಂದ ಕರೆಂಟು ತಗೊಂಡರೆ ಎರಡರ ಭೂಮಿಯೂ ಸರಿಸಮ ಇರುವುದಿಲ್ಲ. ಆ ವ್ಯತ್ಯಾಸ ಸಿಗ್ನಲ್ ವೈರಿನ ಜಾಲರಿಯ ಮೂಲಕ ಹರಿದು ಸುತ್ತು ಕಟ್ಟುತ್ತದೆ. ನಾನು ನೋಡಿದ ಒಂದು ಸ್ಟುಡಿಯೊದಲ್ಲಿ ಮಿಕ್ಸರ್ ಬದಲಾಗಿತ್ತು, ಮೈಕ್ ಬದಲಾಗಿತ್ತು, ಎರಡು ಸಲ ಫಾರ್ಮ್ಯಾಟ್ ಆಗಿತ್ತು. ಸದ್ದು ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಒಂದು ಕಪ್ಪು ದಪ್ಪ ವೈರು ಹೋಗಿತ್ತು. ಯಾವುದೋ ಕಾಲದಲ್ಲಿ ಕ್ರಿಕೆಟ್ ನೋಡಲು ಹಾಕಿಸಿದ ಟಿವಿ ಟ್ಯೂನರ್ ಕಾರ್ಡಿಗೆ ಬಂದ ಕೇಬಲ್ ಟಿವಿಯ ವೈರು ಅದು. ಕಂಬದಿಂದ ಕಂಬಕ್ಕೆ ಬರುವ ಆ ವೈರಿನ ಜಾಲರಿಗೆ ಬೇರೆಲ್ಲೋ ಭೂಮಿ ಸಿಕ್ಕಿತ್ತು. ತಿರುಪು ಬಿಚ್ಚಿ ಎಳೆದ ಕೂಡಲೇ ಕೋಣೆ ಥಣ್ಣಗಾಯಿತು. ಮಾಲೀಕರು ಸ್ವಲ್ಪ ಹೊತ್ತು ಸ್ಪೀಕರ್ ಕಡೆ ನೋಡಿ, “ಬಂದ್ ಆಗ್ಯಾದೇನ್ರಿ?” ಎಂದು ಕೇಳಿದರು. ಬಂದ್ ಆಗಿರಲಿಲ್ಲ. ಅಷ್ಟು ಕಾಲ ಅವರು ಸ್ತಬ್ಧತೆಯನ್ನೇ ಕೇಳಿರಲಿಲ್ಲ.

ಹುಡುಕುವ ಕ್ರಮ ಸರಳ. ಎಲ್ಲ ಸಾಮಾನನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಆಮೇಲೆ ಸಿಗ್ನಲ್ ವೈರುಗಳನ್ನು ಒಂದೊಂದಾಗಿ ಕಳಚಿ, ಪ್ರತಿ ಸಲ ಕಿವಿಗೊಡಿ. ಯಾವ ವೈರು ಕಳಚಿದಾಗ ಸದ್ದು ನಿಂತಿತೋ ದೋಷ ಅದರ ಆ ಬದಿಗಿದೆ. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ನೋಡಿ. ವೈರು ಕಳಚಲಾಗದ ಕಡೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿದರೆ ಸಿಗ್ನಲ್ ದಾಟುತ್ತದೆ, ಭೂಮಿ ದಾಟುವುದಿಲ್ಲ. ಆದರೆ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವ ಒಂದು ಚಾಳಿ ನಮ್ಮಲ್ಲಿದೆ. ಗುಂಯ್ ನಿಲ್ಲುತ್ತದೆ, ನಿಜ. ನಾಳೆ ಆಂಪ್ಲಿಫೈಯರಿನ ಒಳಗೆ ವೈರು ಮೈಗೆ ತಾಗಿದರೆ ಮೈಕ್ ಹಿಡಿದವರ ಉಸಿರೂ ನಿಲ್ಲುತ್ತದೆ. ಅದು ರಿಪೇರಿಯಲ್ಲ, ಅಪರಾಧ.

ಮೌಸ್ ಸರಿಸಿದಾಗ ಸ್ಪೀಕರಿನಲ್ಲಿ ಜಿರಲೆ ಹರಿದಾಡಿದಂಥ ಕಿರುಸದ್ದು ಬರುತ್ತದಲ್ಲ, ಅದರ ಜಾತಿ ಬೇರೆ. ಅದು ಡಬ್ಬಿಯ ಒಳಗಿನದೇ ಗಲಾಟೆ. ಸೌಂಡ್ ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿಗೆ ಹಾಕಿ. ಸಿಡಿ ಡ್ರೈವಿನಿಂದ ಕಾರ್ಡಿಗೆ ಬಂದ ಸಣ್ಣ ಆಡಿಯೊ ವೈರು ಕಿತ್ತುಬಿಡಿ. ವಿಂಡೋಸಿನ ವಾಲ್ಯೂಮ್ ಪಟ್ಟಿಯಲ್ಲಿ ಬಳಸದ ಸಿಡಿ, ಆಕ್ಸ್ ಸಾಲುಗಳನ್ನು ಮ್ಯೂಟ್ ಮಾಡಿ. ಮಿಕ್ಸರಿನ ವೈರು ಗುಲಾಬಿ ತೂತಿಗೆ ಸಿಕ್ಕಿಸಿದ್ದೀರಾ, ನೀಲಿಗೆ ಸಿಕ್ಕಿಸಿದ್ದೀರಾ ಎಂದೂ ನೋಡಿಕೊಳ್ಳಿ. ಗುಲಾಬಿ ಮೈಕಿನದು, ಅದರ ಹಿಂದೆ ಮೈಕಿನ ದುರ್ಬಲ ಸಿಗ್ನಲ್ಲನ್ನು ಹಿಗ್ಗಿಸುವ ಸರ್ಕ್ಯೂಟ್ ಇದೆ. ಮಿಕ್ಸರಿನ ಗಟ್ಟಿ ಸಿಗ್ನಲ್ ಅಲ್ಲಿ ಹೋದರೆ ಸದ್ದು ಸೀಳಿ ಹೋಗುತ್ತದೆ. ತಿಳಿನೀಲಿ ತೂತೇ ಲೈನ್ ಇನ್.

ಚಟಚಟ ಎಲ್ಲಿಂದ

ಚಟಚಟ ಸದ್ದಿನ ಕಥೆ ಮಾತ್ರ ಕಂಪ್ಯೂಟರಿನದೇ. ಕಾರ್ಡು ಧ್ವನಿಯನ್ನು ಹನಿಹನಿಯಾಗಿ ಅಳೆದು ಒಂದು ಬಫರಿನಲ್ಲಿ ತುಂಬಿಡುತ್ತದೆ. ಪ್ರೊಸೆಸರು ಬಂದು ಎತ್ತಿಕೊಂಡು ಹೋಗುತ್ತದೆ. ಎತ್ತಿಕೊಳ್ಳುವವನು ತಡಮಾಡಿದರೆ ಹನಿಗಳು ಚೆಲ್ಲುತ್ತವೆ. ಆ ಚೆಲ್ಲಿದ ಜಾಗವೇ ಕಿವಿಗೆ ಚಟ್ ಎಂದು ಕೇಳುವುದು. ಬಫರ್ ದೊಡ್ಡದು ಮಾಡಿದರೆ ಚೆಲ್ಲುವುದಿಲ್ಲ, ಆದರೆ ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಬರುತ್ತದೆ. 44.1 ಕಿಲೋಹರ್ಟ್ಝ್ ವೇಗದಲ್ಲಿ ಅಳೆಯುವಾಗ 1024 ಸ್ಯಾಂಪಲ್ಲಿನ (ಹನಿಯ) ಬಫರ್ ಅಂದರೆ 23 ಮಿಲಿಸೆಕೆಂಡು. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಎಂಟು ಮೀಟರ್ ದಾಟುತ್ತದೆ. ತನ್ನ ಹಲಗಿಯ ಪೆಟ್ಟನ್ನು ಎಂಟು ಮೀಟರ್ ಆಚೆ ನಿಂತು ಕೇಳುತ್ತ ಬಾರಿಸು ಎಂದರೆ ಎಂಥ ಗಟ್ಟಿಗನಿಗೂ ಲಯ ಜಾರುತ್ತದೆ. 256 ಸ್ಯಾಂಪಲ್ಲಿಗೆ ಇಳಿಸಿದರೆ ತಡ 6 ಮಿಲಿಸೆಕೆಂಡಿಗೂ ಕಡಿಮೆ. ಹಾಡಿಸುವಾಗ ಚಿಕ್ಕ ಬಫರ್, ಮಿಕ್ಸ್ ಮಾಡುವಾಗ ದೊಡ್ಡದು. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯಿತು. ಮಿಕ್ಸರ್ ಇದ್ದವರಿಗೆ ಇನ್ನೂ ಸುಲಭ: ಹಾಡುವವರಿಗೆ ಅವರ ದನಿಯನ್ನು ಮಿಕ್ಸರಿನಿಂದಲೇ ನೇರ ಕೊಟ್ಟುಬಿಡಿ, ಕಂಪ್ಯೂಟರಿನ ಸುತ್ತು ಬಳಸಿ ಬರುವುದು ಬೇಡ.

ಇದಾದ ಮೇಲೂ ಚಟಚಟ ನಿಲ್ಲದಿದ್ದರೆ ಯಾರೋ ಪ್ರೊಸೆಸರನ್ನು ತಡೆದು ನಿಲ್ಲಿಸಿದ್ದಾರೆ ಎಂದರ್ಥ. ಎಕ್ಸ್‌ಪಿ ಕಾಲದ ಮಷೀನಿನಲ್ಲಿ ಮೊದಲ ಅನುಮಾನ ಹಾರ್ಡ್‌ಡಿಸ್ಕಿನ ಮೇಲೆ. ಅಗಲ ಪಟ್ಟಿಯ ಐಡಿಇ ಕೇಬಲ್ಲಿನಲ್ಲಿ ಪದೇಪದೇ ತಪ್ಪು ಕಂಡರೆ ಎಕ್ಸ್‌ಪಿ ಸದ್ದಿಲ್ಲದೆ ಆ ಡಿಸ್ಕಿನ ವೇಗವನ್ನು ಇಳಿಸುತ್ತ ಬಂದು ಕೊನೆಗೆ ಪಿಐಓ ಎಂಬ ಓಬೀರಾಯನ ಕಾಲದ ವಿಧಾನಕ್ಕೆ ತಂದು ನಿಲ್ಲಿಸುತ್ತದೆ. ಆಮೇಲೆ ಡಿಸ್ಕಿನ ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಹಾಕಬೇಕು. ನಾಲ್ಕು ಟ್ರ್ಯಾಕ್ ಓಡಿಸಿದರೂ ಮಷೀನು ಏದುಸಿರು ಬಿಡುತ್ತದೆ, “ಕಂಪ್ಯೂಟರ್ ಮುದುಕಾಗ್ಯಾದ” ಎಂಬ ತೀರ್ಪು ಬರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು ನೋಡಿ. ಪಿಐಓ ಎಂದಿದ್ದರೆ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಮರಳಿ ಬೂಟ್ ಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ವೇಗಕ್ಕೆ ತರುತ್ತದೆ. 40 ಎಳೆಯ ಹಳೆ ಕೇಬಲ್ ಇದ್ದರೆ 80 ಎಳೆಯದಕ್ಕೆ ಬದಲಿಸಿ. ಇಷ್ಟರಿಂದ ಮಷೀನಿಗೆ ಹರೆಯ ಬಂದದ್ದನ್ನು ನಾನೇ ಕಂಡಿದ್ದೇನೆ.

ಎರಡನೆಯದು ಸ್ಲಾಟಿನ ವಾಸ್ತು. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ, ಆದರೆ ಪಿಸಿಐ ಸ್ಲಾಟಿನದನ್ನು ನಂಬಲೇಬೇಕು. ಹಳೆ ಮದರ್‌ಬೋರ್ಡುಗಳಲ್ಲಿ ಎರಡು ಮೂರು ಕಾರ್ಡುಗಳು ಒಂದೇ ಇಂಟರಪ್ಟ್ ಸಾಲನ್ನು ಹಂಚಿಕೊಳ್ಳುತ್ತವೆ. ಸೌಂಡ್ ಕಾರ್ಡು ನೆಟ್‌ವರ್ಕ್ ಕಾರ್ಡಿನ ಜೊತೆಗೋ ಯುಎಸ್‌ಬಿಯ ಜೊತೆಗೋ ಸಾಲು ಹಂಚಿಕೊಂಡಿದ್ದರೆ ಅವು ಮಾತಾಡಿದಾಗಲೆಲ್ಲ ಇದು ಬಾಯಿ ಮುಚ್ಚಿಕೊಳ್ಳಬೇಕು. ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಿಸಿ, ಬೇಡದ ಮೋಡೆಮ್, ಮದರ್‌ಬೋರ್ಡಿನ ಸ್ವಂತ ಸೌಂಡು, ನೆಟ್‌ವರ್ಕ್ ಇವನ್ನು ಬಯಾಸ್‌ನಲ್ಲೇ ಆರಿಸಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿದೆ. ಅಂಥ ಮಷೀನಿಗೆ ಇಂಟರ್‌ನೆಟ್ ವೈರು ಇಲ್ಲದಿರುವುದು ಧ್ವನಿಗೂ ಕ್ಷೇಮ, ಫೈಲಿಗೂ ಕ್ಷೇಮ. 2001ರ ಹೊತ್ತಿಗೆ ವಿಯಾ ಕಂಪನಿಯ 686ಬಿ ಚಿಪ್ ಇದ್ದ ಬೋರ್ಡುಗಳಲ್ಲಿ ಸೌಂಡ್ ಬ್ಲಾಸ್ಟರ್ ಲೈವ್ ಹಾಕಿದವರ ಫೈಲುಗಳೇ ಕೆಟ್ಟುಹೋದ ಪ್ರಕರಣ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅಂಥ ಬೋರ್ಡು ನಿಮ್ಮಲ್ಲಿ ಇನ್ನೂ ಓಡುತ್ತಿದ್ದರೆ ನಮಸ್ಕಾರ ಹೇಳಿ ನಿವೃತ್ತಿ ಕೊಡುವುದು ಒಳ್ಳೆಯದು.

ಶೆಖೆಯ ಮಾತು ಬಿಡುವಂತಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನೂ ಬಂದ್, ಕಿಟಕಿಯೂ ಬಂದ್. ಬಿಸಿ ಏರಿದ ಪೆಂಟಿಯಂ ಫೋರ್ ತನ್ನನ್ನು ತಾನು ಕಾಪಾಡಿಕೊಳ್ಳಲು ನಡೆ ನಿಧಾನ ಮಾಡುತ್ತದೆ, ಹನಿಗಳು ಮತ್ತೆ ಚೆಲ್ಲುತ್ತವೆ. ಹತ್ತಿ ಸುಗ್ಗಿ ಮುಗಿದ ಮೇಲೆ ಒಮ್ಮೆ ಡಬ್ಬಿ ಬಿಚ್ಚಿ ಹೀಟ್‌ಸಿಂಕ್ ನೋಡಿ. ಧೂಳಿನ ಜೊತೆ ಅರಳೆಯ ಎಳೆ ಸೇರಿ ಒಂದು ತೆಳು ಚಾದರವೇ ನೆಯ್ದುಕೊಂಡಿರುತ್ತದೆ. ಅದೇ ಹೊತ್ತಿಗೆ ಪ್ರೊಸೆಸರಿನ ಸುತ್ತಲ ಉರುಟು ಕೆಪಾಸಿಟರುಗಳ ತಲೆಯನ್ನೂ ನೋಡಿ. ಚಪ್ಪಟೆ ಇರಬೇಕಾದ್ದು ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಅವು ಸತ್ತಿವೆ. ಈ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ ತಯಾರಾದ ಬೋರ್ಡುಗಳಿಗೆ ಈ ಕಾಯಿಲೆ ಸಾಂಕ್ರಾಮಿಕವಾಗಿತ್ತು. ಟಿವಿ ರಿಪೇರಿ ಮಾಡುವ ಯಾರಾದರೂ ಬದಲಿಸಿಕೊಡುತ್ತಾರೆ.

ಫೈರ್‌ವೈರ್ ಇಂಟರ್‌ಫೇಸ್ ಇಟ್ಟುಕೊಂಡವರಿಗೆ ಎರಡೇ ಮಾತು. ಕಂಪ್ಯೂಟರಿನ ಫೈರ್‌ವೈರ್ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದಾಗಿದ್ದರೆ ಅರ್ಧ ತಲೆನೋವು ಇಲ್ಲ. ಆರು ಪಿನ್ನಿನ ಕೇಬಲ್ಲಿನಲ್ಲಿ ಕರೆಂಟೂ ಹರಿಯುವುದರಿಂದ ಎರಡೂ ಕಡೆ ಆಫ್ ಮಾಡಿಯೇ ಸಿಕ್ಕಿಸಬೇಕು. ತಿರುಗುಮುರುಗಾಗಿ ಒತ್ತಿದರೆ ಇಂಟರ್‌ಫೇಸೇ ಸುಟ್ಟೀತು. ಮ್ಯಾಕ್‌ನವರಿಗೆ ಆಪಲ್ 2025ರ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ, ಹೊಸ ಆವೃತ್ತಿಗೆ ಹೋಗುವ ಮುನ್ನ ಯೋಚಿಸಿ. ಲಿನಕ್ಸ್ ಮಾತ್ರ ಹಳಬರ ಕೈಬಿಟ್ಟಿಲ್ಲ. ಡೆಲ್ಟಾ ಕಾರ್ಡುಗಳು ಅದರಲ್ಲಿ ಬೇರೆ ಡ್ರೈವರ್ ಹುಡುಕದೆಯೇ ನಡೆಯುತ್ತವೆ.

ಶ್ರುತಿ ಏರಿದ್ದು ಯಾರಿಂದ

ಇದು ಮೂರರಲ್ಲಿ ಅತ್ಯಂತ ಮೋಸದ ಕಾಯಿಲೆ, ಯಾಕೆಂದರೆ ಸದ್ದು ಸ್ವಚ್ಛವಾಗಿಯೇ ಇರುತ್ತದೆ. ಒಂದು ತತ್ವಪದವನ್ನು 44.1 ಕಿಲೋಹರ್ಟ್ಝ್‌ನಲ್ಲಿ ಮುದ್ರಿಸಿ, 48ರ ಪ್ರಾಜೆಕ್ಟಿಗೆ ಹಾಗೆಯೇ ಎಳೆದುಹಾಕಿದರೆ ಶ್ರುತಿ ಸರಿಸುಮಾರು ಒಂದೂವರೆ ಮನೆ ಏರುತ್ತದೆ. ಕರಿ ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕರಿ ಎರಡಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಪೇಟಿಯ ಯಾವ ಮನೆಗೂ ಕೂಡುವುದಿಲ್ಲ. ಹತ್ತು ನಿಮಿಷದ ಪದ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ಅರವತ್ತರ ಮುದುಕನ ದನಿ ನಲವತ್ತರದಾಗುತ್ತದೆ. ಎಷ್ಟೋ ಹಾಡುಗಳು ಹೀಗೇ ಹೊರಗೆ ಬಂದಿವೆ. “ಮುತ್ಯಾನ ದನಿ ಎಷ್ಟು ತೀಡಿದಂಗ ಅದ ನೋಡ್ರಿ” ಎಂದು ಹೊಗಳಿಸಿಕೊಂಡೂ ಇವೆ.

ಸೌಂಡ್ ಬ್ಲಾಸ್ಟರ್ ಲೈವ್‌ಗೆ ಇನ್ನೊಂದು ಗುಟ್ಟಿದೆ. 1998ರಲ್ಲಿ ಬಂದ ಈ ಕಾರ್ಡಿನ ಚಿಪ್ಪು ಒಳಗೆ ಓಡುವುದು 48 ಕಿಲೋಹರ್ಟ್ಝ್‌ನಲ್ಲಿ ಮಾತ್ರ. ನೀವು 44.1 ಎಂದು ಆರಿಸಿದರೂ ಅದು ತನ್ನ ಲೆಕ್ಕಕ್ಕೆ ಬದಲಿಸಿಕೊಂಡು, ಮತ್ತೆ ನಿಮ್ಮ ಲೆಕ್ಕಕ್ಕೆ ತಿರುಗಿಸಿ ಕೊಡುತ್ತದೆ. ಎರಡು ಸಲದ ಈ ಅನುವಾದದಲ್ಲಿ ತಾಳದ ಝಣತ್ಕಾರದ ಅಂಚು ಮೊಂಡಾಗುತ್ತದೆ. ಹಾಗಾಗಿ ಆ ಕಾರ್ಡಿನಲ್ಲಿ 48ರಲ್ಲೇ ಮುದ್ರಿಸಿ, ಎಲ್ಲ ಮುಗಿದ ಮೇಲೆ ಸಾಫ್ಟ್‌ವೇರಿನಲ್ಲಿ ಒಮ್ಮೆ ಮಾತ್ರ 44.1ಕ್ಕೆ ಇಳಿಸುವುದು ಸರಿಯಾದ ದಾರಿ. ಡಿಜಿಟಲ್ ಕೇಬಲ್ ಬಳಸಿ ಮಿನಿಡಿಸ್ಕ್, ಡ್ಯಾಟ್‌ಗಳಿಂದ ಇಳಿಸುವವರು ಕಾರ್ಡಿನ ಗಡಿಯಾರವನ್ನು ಹೊರಗಿನದಕ್ಕೆ ಕೊಟ್ಟಿರಬೇಕು, ಕೆಲಸ ಮುಗಿದ ಮೇಲೆ ಒಳಗಿನದಕ್ಕೆ ಮರಳಿಸಬೇಕು. ಮರಳಿಸಲು ಮರೆತರೆ ಮರುದಿನ ಕಾರ್ಡು ಮೂಕ.

ಏರಿದ ಶ್ರುತಿಯನ್ನು ಇಳಿಸಲು ಪಿಚ್ ಶಿಫ್ಟ್ ಮಾಡುವವರಿದ್ದಾರೆ. ಬೇಡ. ಧ್ವನಿಯ ಹನಿಗಳು ಕೆಟ್ಟಿಲ್ಲ, ಅವುಗಳಿಗೆ ಅಂಟಿಸಿದ ಚೀಟಿ ಮಾತ್ರ ತಪ್ಪು. ಕೂಲ್ ಎಡಿಟ್ ಪ್ರೊದಲ್ಲಿ ‘ಅಡ್ಜಸ್ಟ್ ಸ್ಯಾಂಪಲ್ ರೇಟ್’ ಎಂಬ ಆಯ್ಕೆ ಆ ಚೀಟಿಯನ್ನಷ್ಟೇ ಬದಲಿಸುತ್ತದೆ, ಒಂದು ಹನಿಯನ್ನೂ ಮುಟ್ಟುವುದಿಲ್ಲ. (ಆ ಸಾಫ್ಟ್‌ವೇರನ್ನು 2003ರಲ್ಲಿ ಅಡೋಬಿ ಕೊಂಡು ಆಡಿಷನ್ ಎಂದು ಹೆಸರಿಟ್ಟಿತು. ನಮ್ಮ ಕಡೆ ಮಾತ್ರ ಈಗಲೂ “ಕೂಲೆಡಿಟ್‌ನಾಗ ಹಾಕ್ರಿ” ಎಂಬ ಮಾತೇ ನಡೆಯುತ್ತದೆ.)

ರಾತ್ರಿಯಿಡೀ ಭಜನೆ ಮುದ್ರಿಸುವವರನ್ನು ಕಾಡುವ ಇನ್ನೊಂದು ವಿಚಿತ್ರವಿದೆ. ರೆಕಾರ್ಡಿಂಗ್ ಮೂರು ಗಂಟೆ ಇಪ್ಪತ್ತಮೂರು ನಿಮಿಷದ ಹತ್ತಿರ ತಾನಾಗಿ ನಿಂತುಬಿಡುತ್ತದೆ. ಡಿಸ್ಕಿನಲ್ಲಿ ಜಾಗ ಇದೆ, ಕರೆಂಟು ಹೋಗಿಲ್ಲ, ದೆವ್ವ ಹೊಕ್ಕಂತೆ ಪ್ರತಿ ಸಲ ಅಲ್ಲಿಗೇ. ದೆವ್ವದ ಹೆಸರು 2 ಜಿಬಿ. ಹಳೆ ಸಾಫ್ಟ್‌ವೇರುಗಳು ವೇವ್ ಫೈಲನ್ನು ಅದಕ್ಕಿಂತ ದೊಡ್ಡದಾಗಲು ಬಿಡುವುದಿಲ್ಲ. 16 ಬಿಟ್, 44.1 ಕಿಲೋಹರ್ಟ್ಝ್ ಸ್ಟೀರಿಯೊ ನಿಮಿಷಕ್ಕೆ ಸುಮಾರು 10.1 ಎಂಬಿ ತಿನ್ನುತ್ತದೆ. ಭಾಗಿಸಿ ನೋಡಿ, ಅದೇ ಮೂರು ಗಂಟೆ ಇಪ್ಪತ್ತಮೂರು ನಿಮಿಷ. ಮಂಗಳಾರತಿಗೆ ಮುಂಚಿನ ಅತಿ ಒಳ್ಳೆಯ ಪದಗಳು ಬೆಳಗಿನ ಜಾವಕ್ಕೇ ಬರುವುದು ಅಂತ ಭಜನೆಗೆ ಕೂತವರಿಗೆಲ್ಲ ಗೊತ್ತು. ಎರಡು ತಾಸಿಗೊಮ್ಮೆ ಚಹಾ ಕುಡಿಯುವ ಹೊತ್ತಿಗೆ ಹೊಸ ಫೈಲು ಶುರುಮಾಡಿದರೆ ಅವು ಉಳಿಯುತ್ತವೆ.

ಇಷ್ಟೆಲ್ಲ ಹೇಳಿದ್ದು ಹಳೆ ಮಷೀನಿನ ಮೇಲಿನ ಮೋಹಕ್ಕಲ್ಲ. ಅದರೊಳಗೆ ಏನಿದೆ ಎನ್ನುವುದಕ್ಕೆ. ತಿಂಥಣಿಯ ಮೌನೇಶ್ವರರ ನೆಲ ಇದು, ಕೊಡೇಕಲ್ಲ ಬಸವಣ್ಣನವರ ನೆಲ ಇದು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಅಂಗಳದಲ್ಲೇ ಬಿಜಾಪುರದ ಆದಿಲಶಾಹಿಗಳ ಮೊದಲ ಸುಲ್ತಾನರು ಮಲಗಿದ್ದಾರೆ. ಇಲ್ಲಿನ ಎಷ್ಟೋ ಊರುಗಳಲ್ಲಿ ತತ್ವಪದಕ್ಕೂ ಮೊಹರಂ ಪದಕ್ಕೂ ಒಂದೇ ಗಂಟಲು. ಪದಗಳ ಸಾಹಿತ್ಯ ಪುಸ್ತಕವಾಗಿ ಅಚ್ಚಾಗುತ್ತಿದೆ, ಸಂತೋಷ. ಧಾಟಿ ಅಚ್ಚಾಗುವುದಿಲ್ಲ. ಕ್ಯಾಸೆಟ್ಟು ಮುಗಿದು ಮೊಬೈಲು ಇನ್ನೂ ಪೂರ್ತಿ ಬಾರದ ಆ ಹತ್ತು ಹನ್ನೆರಡು ವರ್ಷಗಳಲ್ಲಿ ಹಾಡಿದವರ ಧಾಟಿ ಉಳಿದಿರುವುದು ಈ ಮೇಜಿನ ಕೆಳಗಿನ ಡಬ್ಬಿಗಳಲ್ಲೇ. ಹಾಡಿದವರಲ್ಲಿ ಹಲವರು ಈಗಿಲ್ಲ. ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧಗಳು ಸಿಕ್ಕಿವೆ, ಇಂದಿಗೂ ಅವುಗಳ ಅಂಚು ಕೈಗೆ ತಾಗುತ್ತದೆ. ಹಾರ್ಡ್‌ಡಿಸ್ಕಿಗೆ ಆ ಆಯಸ್ಸಿಲ್ಲ. ವರ್ಷಗಟ್ಟಲೆ ತಿರುಗದೆ ಬಿದ್ದ ಡಿಸ್ಕು ಒಂದು ದಿನ ತಿರುಗುವುದೇ ಇಲ್ಲ.

ಆದ್ದರಿಂದ ಸ್ಟುಡಿಯೊ ನಡೆಸುವ ಅಣ್ಣತಮ್ಮಂದಿರಲ್ಲಿ ಒಂದು ಬೇಡಿಕೆ. ಮಷೀನು ಹೇಗಾದರೂ ಒಮ್ಮೆ ನಡೆಯುವ ಹಾಗೆ ಮಾಡಿ, ಹಳೆ ಪ್ರಾಜೆಕ್ಟುಗಳನ್ನು ಒಂದೊಂದಾಗಿ ತೆರೆದು, ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಶುರುವಾಗುವ ಪ್ರತ್ಯೇಕ ವೇವ್ ಫೈಲಾಗಿ ಹೊರತೆಗೆಯಿರಿ. ಎಂಪಿ3 ಸಾಲದು. ಪ್ರಾಜೆಕ್ಟ್ ಫೈಲನ್ನು ಹತ್ತು ವರ್ಷದ ನಂತರ ತೆರೆಯಬಲ್ಲ ಸಾಫ್ಟ್‌ವೇರ್ ಇರಲಿಕ್ಕಿಲ್ಲ, ವೇವ್ ಫೈಲನ್ನು ತೆರೆಯುವುದು ಇದ್ದೇ ಇರುತ್ತದೆ. ಮಷೀನು ನಡೆಯದಿದ್ದರೆ ಡಿಸ್ಕನ್ನು ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಹಾಕಿ, ಬೇರೇನೂ ಮಾಡುವ ಮುಂಚೆ ಇಡೀ ಡಿಸ್ಕನ್ನು ನಕಲು ತೆಗೆದಿಡಿ. ಫೈಲಿನ ಮೇಲೆ ಇರುವ ತಾರೀಖನ್ನು ನಂಬಬೇಡಿ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತ ಮಷೀನು ಪ್ರತಿ ಬೆಳಗ್ಗೆ ತನ್ನ ಜನ್ಮದಿನದಿಂದಲೇ ಶುರುಮಾಡುತ್ತದೆ, ಹಾಡಿದ್ದು 2009ರಲ್ಲಾದರೂ ಫೈಲು 2002 ಎನ್ನುತ್ತದೆ. ಹಾಡಿದವರ ಹೆಸರು, ಊರು, ವರ್ಷ, ಶ್ರುತಿ, ಜೊತೆಗೆ ಯಾರು ನುಡಿಸಿದರು ಎನ್ನುವುದನ್ನು ನೆನಪಿದ್ದವರು ಇರುವಾಗಲೇ ಕೇಳಿ ಬರೆದಿಡಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ಹಾಡಿದವರ ಮನೆಯಲ್ಲಿ, ಒಂದು ಬೇರೆ ಊರಿನಲ್ಲಿ ಇರಲಿ.

ಆ ಮೂರನೆಯ ಪ್ರತಿಗೆ ಜಾಗ ಕೊಡಬೇಕಾದವರು ವಿಶ್ವವಿದ್ಯಾಲಯದವರು. ಯಾದಗಿರಿ ಜಿಲ್ಲೆ ಈಗ ರಾಯಚೂರಿನ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯದ (ಹಿಂದಿನ ರಾಯಚೂರು ವಿಶ್ವವಿದ್ಯಾಲಯದ) ವ್ಯಾಪ್ತಿಯಲ್ಲಿದೆ. ಅಲ್ಲಿನ ಕನ್ನಡ ವಿಭಾಗ ತನ್ನ ವಿದ್ಯಾರ್ಥಿಗಳನ್ನು ಒಂದು ರಜೆಯಲ್ಲಿ ಈ ಮೂರು ಪಟ್ಟಣಗಳ ಸ್ಟುಡಿಯೊಗಳಿಗೆ ಒಂದೊಂದು ಡಿಸ್ಕ್ ಕೊಟ್ಟು ಕಳಿಸಿದರೂ ಸಾಕು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ 24 ಬಿಟ್, 48 ಕಿಲೋಹರ್ಟ್ಝ್ ಸ್ಟೀರಿಯೊ ಧ್ವನಿ 960 ಗಂಟೆಯಷ್ಟು ಹಿಡಿಯುತ್ತದೆ.